ಉಸಿರಿಗೆ ಬಿಟ್ಟ ಬಟ್ಟೆ

ಯೂನಿಯನ್ ಸಿಟಿ, ಮೊದಲ ವಾರ

ನಾನು ಅಮೆರಿಕಕ್ಕೆ ಹೋದದ್ದು ಜಡೆ ಹೆಣೆಯುವುದಕ್ಕೆ. ಮೈಸೂರಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ. ನನ್ನಲ್ಲಿ ರವಿಕೆ ಹೊಲಿಸುವ ಹೆಂಗಸರು, "ಅಲ್ಲಿ ಏನೇನ್ ನೋಡ್ತೀರಾ ಸರೋಜಮ್ಮ?" ಎಂದು ಕೇಳುವರು. "ನಮ್ಮ ತಂಗಿ ತಲೆ" ಅನ್ನುತ್ತಿದ್ದೆ. ಅವರು ನಕ್ಕು, ಹೋಗೋದರೊಳಗೆ ನನ್ನ ಎರಡು ರವಿಕೆ ಮುಗಿಸಿಕೊಟ್ಟು ಹೋಗಿ ಎಂದು ನೆನಪಿಸಿ ಹೊರಡುವರು.

ನಿಜ ಅಂದರೆ ಅದೇ ನಿಜ. ತಂಗಿ ವಿಜಿಗೆ ಬಲ ಭುಜದ ಆಪರೇಷನ್ ಆಗಿ, ಆರು ವಾರ ಕೈಯನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡೇ ಇರಬೇಕಿತ್ತು. ಅವಳದು ಸೊಂಟ ಮುಟ್ಟುವ ಕೂದಲು. ಗಂಡ ಪ್ರಭಾಕರ ಉಡುಪಿ ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಂದು ತೊಟ್ಟು ರಕ್ತ ನೋಡಿ ಮೈಯಲ್ಲಿ ಏನೇನಿದೆ ಅಂತ ಹೇಳಬಲ್ಲರು, ಮೂರು ಕಾಲಿನ ಜಡೆ ಮಾತ್ರ ಹೆಣೆಯಲಾರರು.

"ಅಕ್ಕಾ, ಇವರು ಹಾಕಿದ ಜಡೆ ಕಾರ್ ಹತ್ತೋಷ್ಟರಲ್ಲಿ ಬಿಚ್ಚಿಹೋಗುತ್ತೆ. ಬಾಯ್‌ಕಟ್ ಮಾಡಿಸಿಬಿಡ್ಲಾ?" ಎಂದು ವಿಜಿ ಫೋನಿನಲ್ಲಿ ಅಳುದನಿ ಮಾಡಿದಳು.

"ಕತ್ತರಿ ಮುಟ್ಟಿದ್ರೆ ನೋಡು. ಬರ್ತೀನಿ ಇರು."

ಹೀಗೆ ಯೂನಿಯನ್ ಸಿಟಿಯ ಅವಳ ಮನೆಗೆ ಬಂದವಳು ನಾನು. ಬೆಳಿಗ್ಗೆ ಎದ್ದು ಅವಳ ತಲೆ ಬಾಚಿ, ಜಡೆ ಹೆಣೆದು, ಮೂವರಿಗೂ ತಿಂಡಿ ಮಾಡಿ ಮುಗಿಸುವಷ್ಟರಲ್ಲಿ ಗಂಟೆ ಒಂಬತ್ತು. ಆಮೇಲೆ ಸಂಜೆಯವರೆಗೆ ಕೈಗೆ ಕೆಲಸವಿಲ್ಲ. ಅವಳ ಕುರ್ತಾಗಳನ್ನೆಲ್ಲ ತಲೆಯ ಮೇಲಿಂದ ಹಾಕಬೇಕು, ಕೈ ಏಳುವುದಿಲ್ಲ. ಒಂದೊಂದಾಗಿ ತೆಗೆದು ಭುಜದ ಹೊಲಿಗೆ ಬಿಚ್ಚಿ, ಪಟ್ಟಿ ಕೊಟ್ಟು, ಟಿಚ್ ಬಟನ್ ಹಾಕಿದೆ. ಈಗ ಒಂದೇ ಕೈಯಲ್ಲಿ ಪಟಪಟ ಅಂತ ತೆಗೆದು ಹಾಕಬಹುದು. ಅವಳ ಮನೆಯಲ್ಲಿದ್ದದ್ದು ಆಟದ ಸಾಮಾನಿನಂಥ ಬಿಳೀ ಮಿಷನ್ನು, ಕರೆಂಟಿನದು. ಕಾಲಿಟ್ಟರೆ ಹುಚ್ಚು ಕುದುರೆಯ ಹಾಗೆ ಓಡುವುದು. ಮೈಸೂರಿನಲ್ಲಿ ಮೂವತ್ತು ವರ್ಷ ಮಿಷನ್ನು ತುಳಿದ ನನ್ನ ಕಾಲು ಅದರ ಕೆಳಗೆ ತುಳಿಯುವ ಹಲಗೆ ಹುಡುಕಿ ಹುಡುಕಿ ಸುಸ್ತಾಯಿತು.

ಆ ಟಿಚ್ ಬಟನ್ನುಗಳೇ ನನ್ನನ್ನು ಹ್ಯಾರಿಯೆಟ್ ಅಮ್ಮನ ಮನೆಗೆ ಕರೆದುಕೊಂಡು ಹೋದದ್ದು.

ಪಕ್ಕದ ಮನೆ

ಇಲ್ಲಿ ಪಕ್ಕದ ಮನೆಗೆ ಬರುವುದಕ್ಕೂ ಮೆಸೇಜು ಕಳಿಸುತ್ತಾರೆ. "ನಾಲ್ಕು ಹತ್ತಕ್ಕೆ ಬರಬಹುದೇ?" ಎಂದು ಕೇಳಿ, ಸರಿಯಾಗಿ ನಾಲ್ಕು ಹತ್ತಕ್ಕೆ ಬಂದು ಬಾಗಿಲು ತಟ್ಟಿದವರು ಎಪ್ಪತ್ತನಾಲ್ಕು ವರ್ಷದ ಹೆಂಗಸು. ತುಂಡು ಮಾಡಿಸಿದ ಬೆಳ್ಳಿಗೂದಲು, ಎತ್ತರದ ಆಳು. ಬೆನ್ನು ಸ್ಕೇಲು ಇಟ್ಟ ಹಾಗೆ ನೆಟ್ಟಗೆ. ಕೈಯಲ್ಲಿ ಒಂದು ಬೋಗುಣಿ ನಿಂಬೆಹಣ್ಣು, ಅವರ ಹಿತ್ತಲಿನದು. ವಿಜಿಯ ಭುಜದ ಮೇಲಿನ ಬಟನ್ ಸಾಲನ್ನು ನೋಡಿದವರೇ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಬಾ ಹ್ಯಾರಿಯೆಟ್, ಕೂತ್ಕೋ" ಎನ್ನುವ ಹಾಗೆ ವಿಜಿ ಇಂಗ್ಲಿಷಿನಲ್ಲಿ ಅಂದಳು.

"ನಮ್ಮಮ್ಮನ ವಯಸ್ಸಿನವರನ್ನ ಹೆಸರು ಹಿಡಿದು ಕರೀತೀಯಲ್ಲೇ!" ಎಂದು ಗದರಿದೆ.

"ಇಲ್ಲಿ ಹಂಗೇ ಅಕ್ಕ. ಆಂಟಿ ಅಂದ್ರೆ ಬೇಜಾರ್ ಮಾಡ್ಕೋತಾರೆ."

ನನ್ನ ಬಾಯಿಗೆ ಅದು ಬರಲಿಲ್ಲ. "ಅಮ್ಮ" ಅಂದೆ. ಹಾಗಂದರೇನು ಎಂದು ಅವರು ಕೇಳಿದರು. ವಿಜಿ ತಾಯಿ ಅಂತ ಹೇಳಿ, ಸುಮ್ಮನಿರದೆ, "ಖುಷಿ ಪಡಬೇಡಿ, ನಮ್ಮಕ್ಕ ಸೊಪ್ಪು ಮಾರೋಳನ್ನೂ ಹಂಗೇ ಕರೆಯೋದು" ಎಂದೂ ಸೇರಿಸಿದಳು. ಅವರು ನಕ್ಕರು. ಆ ನಗು ಕೇಳಿ ನಾನು ಬೆಚ್ಚಿದೆ. ಗಂಟಲಿನಿಂದ ಬಂದದ್ದಲ್ಲ, ಇನ್ನೂ ಕೆಳಗಿನಿಂದ ಎಲ್ಲಿಂದಲೋ ಎದ್ದು ಬಂದು ಕಿಟಕಿಯ ಗಾಜಿಗೆ ತಾಗಿದ ಹಾಗಿತ್ತು.

ಬೋಗುಣಿಯನ್ನು ಬರಿದೇ ಕೊಡಲಾಗುತ್ತದೆಯೇ? ಅವರದೇ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ತುಂಬಿ ಕಳಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಪ್ರಭಾಕರ ಹೇಳಿದರು. "ಅಕ್ಕ, ಅವರು ಯಾರು ಗೊತ್ತುಂಟಾ? ದೊಡ್ಡ ಒಪೆರಾ ಗಾಯಕಿ. ಮೂವತ್ತು ವರ್ಷಕ್ಕಿಂತ ಹೆಚ್ಚು ಹಾಡಿದ್ದಾರೆ, ಯುರೋಪಿನಲ್ಲೆಲ್ಲ."

"ಒಪೆರಾ ಅಂದ್ರೆ?"

"ಯಕ್ಷಗಾನ ನೋಡಿದ್ದೀರಲ್ಲ? ಅಲ್ಲಿ ಭಾಗವತರು ಹಾಡ್ತಾರೆ, ವೇಷದವರು ಕುಣೀತಾರೆ. ಇದರಲ್ಲಿ ವೇಷದವರೇ ಹಾಡಬೇಕು. ಅಳುವುದೂ ಹಾಡಿನಲ್ಲೇ, ಜಗಳವೂ ಹಾಡಿನಲ್ಲೇ. ಎದುರಿಗೆ ಒಂದು ಹಿಂಡು ಜನ ಪಿಟೀಲು, ಕೊಳಲು, ಡೋಲು ಬಾರಿಸ್ತಾ ಇರ್ತಾರೆ. ಮೈಕಿಲ್ಲ. ಅದನ್ನೆಲ್ಲ ದಾಟಿ ಕಡೇ ಸಾಲಿನವನಿಗೆ ಕೇಳಬೇಕು."

"ಮೈಕಿಲ್ದೆ?"

"ಇಲ್ಲದೆ. ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಸೊಪ್ರಾನೊ ಅಂತಾರೆ. ನಾಯಕಿ ಪಾರ್ಟು ಯಾವಾಗಲೂ ಅವರದ್ದೇ."

ಫೋನಿನಲ್ಲಿ ಹಳೆಯದೊಂದು ರೆಕಾರ್ಡಿಂಗ್ ಹಾಕಿದರು. ನಾನು ನಾಳೆಗೆ ಹುರುಳಿಕಾಯಿ ಹೆಚ್ಚುತ್ತಿದ್ದೆ. ಭಾಷೆ ತಿಳಿಯದು, ರಾಗ ತಿಳಿಯದು. ಸ್ವರ ಒಂದು ಕಡೆ ಏರಿ ನಿಂತಿತು. ನಿಂತೇ ಇತ್ತು. ಅದು ಇಳಿಯುವವರೆಗೆ ನನ್ನ ಚಾಕು ಇಳಿಯಲಿಲ್ಲ.

ಹಸಿರು ಗೌನು

ಮರುದಿನ ಅವರು ನಮ್ಮಿಬ್ಬರನ್ನು ತಮ್ಮ ಮನೆಗೆ ಕರೆದರು. ಮಂಚದ ಮೇಲೆ ಬಿಳೀ ಪಂಚೆಯಂಥ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗೌನೊಂದನ್ನು ಬಿಡಿಸಿದರು. ಹಸಿರು ರೇಷ್ಮೆ, ಬಾಳೆಯ ಸುಳಿಯ ಬಣ್ಣ. ಹಳೆಯದಾಗಿ ಸ್ವಲ್ಪ ಮಾಸಿತ್ತು.

ವಿಷಯ ಇಷ್ಟು. ಅವರ ಹತ್ತಿರ ಹಾಡು ಕಲಿತವರೆಲ್ಲ ಸೇರಿ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ ಒಂದು ಸಂಜೆ ಕಛೇರಿ ಇಟ್ಟುಕೊಂಡಿದ್ದರು. ಇನ್ನು ಎರಡೂವರೆ ವಾರವಿತ್ತು. ಅಲ್ಲಿ ಅವರೂ ಒಂದು ಹಾಡು ಹಾಡಬೇಕೆಂದು ಶಿಷ್ಯರ ಆಸೆ. ಹ್ಯಾರಿಯೆಟ್ ಅಮ್ಮ ವೇದಿಕೆ ಬಿಟ್ಟು ಹದಿನಾಲ್ಕು ವರ್ಷ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಬೇರೆ ಆಗಿತ್ತು. ಈ ಗೌನನ್ನು ಸರಿಮಾಡಿಕೊಡಬೇಕು, ಇದನ್ನು ಹಾಕಿಕೊಂಡು ಹಾಡಲು ಆದರೆ ಹಾಡುತ್ತೇನೆ, ಆಗದಿದ್ದರೆ ಮುಂದಿನ ಸಾಲಿನಲ್ಲಿ ಕೂತು ಮಕ್ಕಳ ಹಾಡು ಕೇಳಿ ಬರುತ್ತೇನೆ ಎಂದರು.

"ಬೇರೆ ಬಟ್ಟೆ ಹಾಕ್ಕೊಂಡ್ರೆ ಆಗಲ್ವಂತಾ?" ಎಂದು ವಿಜಿಯನ್ನು ಕೇಳಿದೆ.

ವಿಜಿ ಕೇಳಿ ಹೇಳಿದಳು. "ಇದನ್ನ ಅವರಮ್ಮ ಹೊಲಿದದ್ದಂತೆ ಅಕ್ಕ. ಷರ್ಟ್ ಫ್ಯಾಕ್ಟರೀಲಿ ಕಾಲರ್ ಹೊಲೀತಿದ್ರಂತೆ. ಒಪೆರಾ ವೇಷ ಎಲ್ಲಾ ಥಿಯೇಟರಿನವರದ್ದು, ಕಛೇರಿಗೆ ಮಾತ್ರ ಸ್ವಂತ ಗೌನು. ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲನೇ ಕಛೇರಿಗೆ ಇದು. ಆಮೇಲೆ ಯಾವ ಹೊಸ ಊರಿಗೆ ಹೋದ್ರೂ ಮೊದಲನೇ ದಿನ ಇದೇ. 'ಇನ್ನೂ ಹಾಡಬಲ್ಲೆನಾ ಅಂತ ಕೇಳಿದ್ರೆ ಬೇರೆ ಬಟ್ಟೆ ಸುಳ್ಳು ಹೇಳುತ್ತೆ, ಇದು ಹೇಳಲ್ಲ' ಅಂತಿದಾರೆ."

ಗೌನನ್ನು ಒಳಮೈ ಹೊರಗೆ ಮಾಡಿದೆ. ಹೊಲಿಯುವವರಿಗೆ ಬಟ್ಟೆಯ ಒಳಗೇ ಎಲ್ಲ ಇರುವುದು. ಎರಡೂ ಬಗಲಿನಲ್ಲಿ ಆ ತಾಯಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು. ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಲು ನಾವು ಬಿಡುತ್ತೇವಲ್ಲ, ಹಾಗೆ. ಆ ಬಟ್ಟೆಯ ಮೇಲೆ ಸೂಜಿಯ ತೂತುಗಳ ನಾಲ್ಕು ಸಾಲು. ನಾನು ಒಂದೊಂದರ ಮೇಲೆ ಬೆರಳಿಟ್ಟೆ. ಅವರು ಒಂದೊಂದಕ್ಕೂ ಕಥೆ ಹೇಳಿದರು.

ಎಲ್ಲಕ್ಕಿಂತ ಒಳಗಿನದು ತಾಯಿಯ ಹೊಲಿಗೆ. ಅದಕ್ಕೂ ಹಿಂದೆ ಮೂರು ವರ್ಷ ಒಪೆರಾದ ಗುಂಪುಹಾಡಿನವರ ಕಡೇ ಸಾಲಿನಲ್ಲಿ ಮೇಣದ ಹಣ್ಣಿನ ಬುಟ್ಟಿ ಹಿಡಿದು ಹಾಡಿದ್ದರಂತೆ. ಒಂದು ದಿನ ನಾಯಕಿಗೆ ಗಂಟಲು ಕಟ್ಟಿತು. ಇವರು ಬಟ್ಟೆ ಒಗೆಯುವ ಅಂಗಡಿಯಲ್ಲಿ ನಿಂತಿದ್ದಾಗ, ಅವಳ ಬದಲು ಹಾಡಬೇಕೆಂದು ಕರೆ ಬಂತು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಓಡಿದರು. ಆ ರಾತ್ರಿಯಾದ ಮೇಲೆ ಯಾರೂ ಅವರ ಕೈಗೆ ಬುಟ್ಟಿ ಕೊಡಲಿಲ್ಲ.

ಎರಡನೆಯ ಸಾಲು ಅದಕ್ಕಿಂತ ಎರಡು ಇಂಚು ಹೊರಗೆ.

"ಬಸುರಿಯಾ?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದೆ. ಅವರು ಕಣ್ಣರಳಿಸಿದರು. ಹೌದು, ಮಗಳು ಹೊಟ್ಟೆಯಲ್ಲಿದ್ದ ವರ್ಷ. ಆಗ ಹಾಡುತ್ತಿದ್ದದ್ದು ಕ್ಷಯ ಹಿಡಿದು ಸೊರಗಿ ಸಾಯುವ ಹುಡುಗಿಯ ಪಾರ್ಟು.

"ಆರು ತಿಂಗಳ ಹೊಟ್ಟೆ ಇಟ್ಕೊಂಡು ಸೊರಗಿ ಸೊರಗಿ ಸಾಯ್ತಿದ್ರಂತೆ ಅಕ್ಕ" ಎಂದು ವಿಜಿ ನಗು ತಡೆಯಲಾರದೆ ಹೇಳಿದಳು. "ಒಪೆರಾದಲ್ಲಿ ಸೊಪ್ರಾನೊ ಬದುಕೋದೇ ಕಮ್ಮಿಯಂತೆ. ವಿಷ ಕುಡಿದು, ಚೂರಿ ಹಾಕ್ಕೊಂಡು, ಮಹಡಿಯಿಂದ ಹಾರಿ, ಸತ್ತು ಸತ್ತು ಸಾಕಾಯ್ತು ಅಂತಾರೆ."

ಮೂರನೆಯ ಸಾಲು ಮತ್ತೆ ಒಳಕ್ಕೆ ಬಂದಿತ್ತು. ಸೊಟ್ಟಸೊಟ್ಟಗಿನ ಕೈಹೊಲಿಗೆ, ಕಲಿಯದವರ ಕೈ. ಈ ಸಲ ಅವರು ನಗಲಿಲ್ಲ. ತಾಯಿ ತೀರಿಕೊಂಡಾಗ ಇವರು ಸಮುದ್ರದಾಚೆ ಒಂದು ಹಿಮದ ಊರಿನಲ್ಲಿದ್ದರು. ಅಂದು ಸಂಜೆ ಹಾಡಲೇಬೇಕಿತ್ತು, ಬರಲಾಗಲಿಲ್ಲ. ಊಟ ಸೇರದೆ ಮೈ ಇಳಿದುಹೋಯಿತು. ಹೋಟೆಲಿನ ಕೋಣೆಯಲ್ಲಿ ಕೂತು ತಾವೇ ಹೊಲಿದುಕೊಂಡದ್ದು ಅದು. ನಾಲ್ಕನೆಯದು ಐವತ್ತರ ಮೇಲಿನದು, ಮತ್ತೆ ಹೊರಕ್ಕೆ. "ಹೆಸರು ಬಂದ ಕಾಲ, ಒಳ್ಳೊಳ್ಳೆ ಊಟ" ಎಂದು ಕೆನ್ನೆ ಉಬ್ಬಿಸಿ ತೋರಿಸಿದರು.

ಇನ್ನು ಉಳಿದಿದ್ದದ್ದು ಅರ್ಧ ಬೆರಳಿನಷ್ಟು ಬಟ್ಟೆ. ಮೈ ಇನ್ನೂ ಸ್ವಲ್ಪ ಬಂದಿತ್ತು.

ಅಳತೆ ತೆಗೆಯಲು ಟೇಪು ಹಿಡಿದೆ. ನನಗೆ ಬರುವ ಇಂಗ್ಲಿಷ್ ಎಲ್ಲ ಟೇಪಿಗೆ ಸಂಬಂಧಪಟ್ಟದ್ದು: ಶೋಲ್ಡರ್, ಚೆಸ್ಟ್, ವೇಸ್ಟ್, ಲೂಸ್, ಟೈಟ್. ರೇಷ್ಮೆ ರವಿಕೆಗೆ ನಾವು ಅಳತೆ ತೆಗೆಯುವುದು ಹೇಗೆ? "ಉಸಿರು ಬಿಡಿ" ಅನ್ನುತ್ತೇವೆ. ಉಸಿರು ಬಿಟ್ಟು ಮೈ ಸಣ್ಣಗಾದಾಗ ಟೇಪು ಬಿಗಿಹಿಡಿದರೆ, ರವಿಕೆ ಒಂದು ಸುಕ್ಕಿಲ್ಲದೆ ಮೈಗೆ ಕೂರುತ್ತದೆ. ನಮ್ಮ ಹೆಂಗಸರು ಕೇಳುವುದೂ ಅದನ್ನೇ. ನಾನು ಉಸಿರು ಬಿಟ್ಟು ತೋರಿಸಿದೆ, ಅವರೂ ಬಿಟ್ಟರು. ಎದೆಯ ಕೆಳಗೆ ಮೂವತ್ತಾರು ಇಂಚು. ಕಡೆಯ ಎಳೆಯವರೆಗೂ ಬಿಚ್ಚಿದರೆ ಸರಿಯಾಗಿ ಸಾಲುತ್ತದೆ. ದೇವರು ದೊಡ್ಡವನು ಅಂದುಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೋ

ಆ ಹಸಿರಿಗೆ ಹೊಂದುವ ದಾರ ಹತ್ತಿರದಲ್ಲಿ ಸಿಗಲಿಲ್ಲ. ಮಂಗಳವಾರ ಹ್ಯಾರಿಯೆಟ್ ಅಮ್ಮ ನಮ್ಮನ್ನು ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದರು. ರೈಲು ಕೊಲ್ಲಿಯ ನೀರಿನ ಕೆಳಗೇ ಹೋಗುತ್ತದೆ ಎಂದು ವಿಜಿ ಹೇಳಿದಾಗ ನಾನು ಸೀಟು ಹಿಡಿದುಕೊಂಡೆ. ಕಿವಿ ಗುಯ್ ಅಂದಿತು, ಅಷ್ಟೆ. ಎದುರು ಸೀಟಿನ ಹುಡುಗಿ ನನ್ನ ಕೊರಳು ನೋಡಿ ಏನೋ ಹೇಳಿ ನಕ್ಕಳು. "ಚೆನ್ನಾಗಿದೆ ಅಂತಿದಾಳೆ" ಎಂದಳು ವಿಜಿ. ನನ್ನ ಸರ ಇರಬೇಕೆಂದು ನಾನೂ ನಕ್ಕೆ.

ದಾರದ ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡರೆ, ಕೊರಳಲ್ಲಿ ಹಳದಿ ಟೇಪು! ಬೆಳಿಗ್ಗೆ ಅಭ್ಯಾಸಬಲದಿಂದ ಹಾಕಿಕೊಂಡದ್ದು ತೆಗೆದೇ ಇರಲಿಲ್ಲ.

"ಹೇಳಬಾರದೇನೇ?"

"ಬೇಕಂತಲೇ ಹಾಕ್ಕೊಂಡಿದೀಯ ಅನ್ಕೊಂಡೆ ಅಕ್ಕ. ಇಲ್ಲಿ ಯಾರು ಏನು ಬೇಕಾದ್ರೂ ಹಾಕ್ಕೋತಾರೆ."

ಮೈಸೂರಿನಲ್ಲಾಗಿದ್ದರೆ ಬೀದಿ ಕೊನೆ ಮುಟ್ಟುವಷ್ಟರಲ್ಲಿ ಹತ್ತು ಜನ ಕೂಗಿ ಹೇಳುತ್ತಿದ್ದರು. ಇಲ್ಲಿ ಊರಿಗೆ ಊರೇ ನನ್ನ ಟೇಪನ್ನು ಗೌರವದಿಂದ ನೋಡಿ ಸುಮ್ಮನಿತ್ತು.

ವಾಪಸು ಬರುವಾಗ ಅವರು ತಾವು ಹಿಂದೆ ಹಾಡಿದ್ದ ಒಂದು ದೊಡ್ಡ ಕಲ್ಲಿನ ಕಟ್ಟಡದ ಹಿಂಬದಿಗೆ ಕರೆದೊಯ್ದರು. ಅಷ್ಟು ಭಾರಿ ಥಿಯೇಟರಿಗೆ ಕಲಾವಿದರು ಹೋಗುವ ಬಾಗಿಲು ನಮ್ಮೂರ ಗೋಡೌನಿನ ಬಾಗಿಲಿನಷ್ಟು ಸಾದಾ. ಅದರ ಎದುರು ಸ್ವಲ್ಪ ಹೊತ್ತು ನಿಂತರು. ಒಳಗಿಂದ ಕಾವಲಿನ ಹೆಂಗಸು ಬಂದು ಏನಾದರೂ ಬೇಕಿತ್ತಾ ಎಂದು ವಿಚಾರಿಸಿದಳು. ಇಲ್ಲ, ಸುಮ್ಮನೆ ನೋಡುತ್ತಿದ್ದೇವೆ ಎಂದರು.

"ಯಾರು ಅಂತ ಹೇಳಬಾರದಿತ್ತಾ!" ವಿಜಿಗೆ ಸಿಟ್ಟು ಬಂದಿತ್ತು.

"ಅವಳ ಕೆಲಸ ಅವಳು ಚೆನ್ನಾಗಿ ಮಾಡ್ತಿದ್ದಾಳೆ" ಅಂದರಂತೆ ಹ್ಯಾರಿಯೆಟ್ ಅಮ್ಮ.

ರೈಲಿನಲ್ಲಿ ಕೂತ ಮೇಲೆ ಅವರಾಗಿಯೇ ಹೇಳಿದರು. ನಿಲ್ಲಿಸಿದ್ದು ಹೇಗೆಂದರೆ, ಒಂದು ಸಂಜೆ ಪರದೆಯ ಪಕ್ಕದಲ್ಲಿ ಕಾಯುತ್ತಿದ್ದಾಗ, ಇನ್ನು ಎಷ್ಟು ಮೇಲಿನ ಸ್ವರಗಳನ್ನು ದಾಟಬೇಕು ಅಂತ ತಾವು ಬೆರಳು ಮಡಿಚಿ ಎಣಿಸುತ್ತಿರುವುದು ತಿಳಿಯಿತಂತೆ. ಹಾಗೆ ಯಾವತ್ತೂ ಮಾಡಿದವರಲ್ಲ. ಒಪ್ಪಿಕೊಂಡಿದ್ದ ದಿನಗಳನ್ನೆಲ್ಲ ಮುಗಿಸಿದರು, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದರು. ಹಾರವಿಲ್ಲ, ಭಾಷಣವಿಲ್ಲ. ಯಾರಿಗೂ ಹೇಳಲೇ ಇಲ್ಲ. "ಹಾಡು ಮುಗಿಸದೆ ಎದ್ದು ಬಂದ ಹಾಗೆ ಆಗಿದೆ, ಇಷ್ಟು ವರ್ಷದಿಂದ" ಎಂದರು. ಅಷ್ಟು ಹೊತ್ತಿಗೆ ನಮ್ಮ ಸ್ಟೇಷನ್ನು ಬಂತು.

ಯೂನಿಯನ್ ಸಿಟಿ, ಮೂರನೆಯ ವಾರ

ಗೌನು ಮುಗಿಯಿತು. ಬಗಲಿನಲ್ಲಿ ಹೊಸದಾಗಿ ಬಿಚ್ಚಿದ ಬಟ್ಟೆ ಬೆಳಕು ಕಾಣದ್ದು, ಬಣ್ಣ ಗಾಢವಾಗಿಯೇ ಉಳಿದಿತ್ತು. ಹಳೆಯ ತೂತುಗಳ ಸಾಲೂ ಕಾಣುತ್ತಿತ್ತು. ಕಂಡರೆ ಕಾಣಲಿ ಎಂದರು. ವಿಜಿಗೆ ಅಂದು ಭುಜದ ವ್ಯಾಯಾಮಕ್ಕೆ ಹೋಗಬೇಕಿತ್ತು, ನಾನೊಬ್ಬಳೇ ಹೋದೆ. ಹಿಂದಿನ ಕೊಕ್ಕೆಗಳನ್ನೆಲ್ಲ ಹಾಕಿ ಕನ್ನಡಿಯ ಎದುರು ನಿಲ್ಲಿಸಿದೆ. ಒಂದು ಸುಕ್ಕಿಲ್ಲ. ನನಗೇ ಹೆಮ್ಮೆಯಾಯಿತು. ಅವರು ತುಂಬ ಹೊತ್ತು ನೋಡಿಕೊಂಡು, ನನ್ನ ಕೈ ಹಿಡಿದು ಒತ್ತಿದರು.

ಆಮೇಲೆ ಪಿಯಾನೋ ಪಕ್ಕ ನಿಂತು ಹಾಡತೊಡಗಿದರು. ಆ ಹಾಡಿನ ವಿಷಯ ವಿಜಿ ಮೊದಲೇ ಹೇಳಿದ್ದಳು. ಹೊರಟುನಿಂತವನನ್ನು ಒಂದು ಸಲ ತಿರುಗಿ ನೋಡಿ ಹೋಗು ಎಂದು ಹೆಣ್ಣೊಬ್ಬಳು ಕೇಳುವ ಹಾಡು. ಕೊನೆಗೆ ಒಂದು ಉದ್ದನೆಯ ಸ್ವರ. ಬರೆದವರು ಬರೆದದ್ದು ಕೆಳಗಿನ ಸ್ವರವೇ, ಆದರೆ ಗಟ್ಟಿ ಗಾಯಕಿಯರು ರೂಢಿಯಲ್ಲಿ ಮೇಲಿನದಕ್ಕೇ ಹೋಗುತ್ತಾರೆ. ಈಗ ತಮಗೆ ಕೆಳಗಿನದೇ ಸಾಕು ಎಂದು ಅವರು ಹೇಳಿದ್ದರು.

ಆ ಕೆಳಗಿನದೂ ಬರಲಿಲ್ಲ. ನಡುವಿನಲ್ಲೇ ಸ್ವರ ತುಂಡಾಯಿತು. ಇನ್ನೊಂದು ಸಲ ಎತ್ತಿಕೊಂಡರು, ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲ ಎತ್ತಿಕೊಳ್ಳಲಿಲ್ಲ. ಪಿಯಾನೋದ ಮಣೆಯ ಮೇಲೆ ಕೂತರು, ಎದೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಏನೇನೋ ಹೇಳಿದರು. ನನಗೆ ಗೊತ್ತಾದದ್ದು ಎರಡು ಮಾತು: ಲಂಗ್ಸ್, ಫಿನಿಶ್ಡ್. ಹಾಡುವುದಿಲ್ಲವೆಂದು ಶಿಷ್ಯರಿಗೆ ಮೆಸೇಜು ಮಾಡಲು ಫೋನು ತೆಗೆದುಕೊಂಡರು.

ನಾನು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ. ಹೊಲಿಯುವವರ ಕಣ್ಣು ಹೊಲಿಗೆಯ ಮೇಲೇ ಇರುತ್ತದೆ. ಅವರು ಉಸಿರೆಳೆದಾಗ ಬಗಲಿನ ಹೊಲಿಗೆ ದಾರ ಕಾಣುವಷ್ಟು ಬಿಗಿದು ನಿಂತದ್ದನ್ನು ಎರಡು ಸಲವೂ ನೋಡಿದ್ದೆ. ನನ್ನ ಹೊಲಿಗೆ ಬಿಡುವ ಹೊಲಿಗೆಯಲ್ಲ. ಅದು ಬಿಡಲಿಲ್ಲ, ಆದ್ದರಿಂದ ಪಕ್ಕೆಲುಬು ಅರಳಲಿಲ್ಲ. ರವಿಕೆ ಹಾಕಿಕೊಂಡು ಮದುವೆ ಮನೆಯಲ್ಲಿ ಕೂರುವವರ ಅಳತೆಯನ್ನು, ಉಸಿರಿನಿಂದಲೇ ಬದುಕಿದವರಿಗೆ ತೆಗೆದಿದ್ದೆ.

"ನೋ ಫೋನ್ ಅಮ್ಮ!" ಎಂದು ಕೂಗಿಯೇಬಿಟ್ಟೆ. ಅವರು ಗಾಬರಿಯಾಗಿ ನೋಡಿದರು. "ಲಂಗ್ಸ್ ಗುಡ್. ಮೈ ಟೇಪ್ ಬ್ಯಾಡ್. ನಾನು, ನಾನು ತಪ್ಪು ಮಾಡಿದ್ದು."

ಕೊಕ್ಕೆ ಬಿಚ್ಚಿ, ಒಳಂಗಿಯ ಮೇಲೆ ಟೇಪು ಸುತ್ತಿದೆ. "ಔಟ್" ಎಂದು ಉಸಿರು ಬಿಟ್ಟು ತೋರಿಸಿದೆ. ಮೂವತ್ತಾರು. ಅಂಕಿಯ ಮೇಲೆ ಬೆರಳಿಟ್ಟು ಅವರಿಗೂ ತೋರಿಸಿದೆ. "ನೌ ಇನ್. ಹಾಡೋಕೆ ಇನ್!" ಎಂದು ಎರಡು ಕೈಯನ್ನೂ ಬುಟ್ಟಿಯಷ್ಟು ಅಗಲ ಮಾಡಿದೆ. ಅವರು ಉಸಿರೆಳೆದರು. ಟೇಪು ನನ್ನ ಬೆರಳುಗಳ ನಡುವೆ ಜಾರಿತು, ಜಾರುತ್ತಲೇ ಹೋಯಿತು. ಮೂವತ್ತು ವರ್ಷದಲ್ಲಿ ಎಷ್ಟು ಹೆಂಗಸರ ಸುತ್ತ ಟೇಪು ಹಿಡಿದಿದ್ದೇನೋ, ಒಂದು ಇಂಚಿಗಿಂತ ಹೆಚ್ಚು ಜಾರಿದ್ದು ಕಾಣೆ. ಇಲ್ಲಿ ಮೂವತ್ತೊಂಬತ್ತಕ್ಕೆ ನಿಂತಿತು.

"ತ್ರೀ ಇಂಚ್ ಅಮ್ಮ! ತ್ರೀ!" ಎಂದೆ.

ಅವರು ಟೇಪನ್ನು ನೋಡಿದರು, ನನ್ನನ್ನು ನೋಡಿದರು. ಫೋನನ್ನು ಪಿಯಾನೋ ಮೇಲೆ ಬೋರಲಾಗಿ ಇಟ್ಟರು. ಆಮೇಲೆ ಕೆಳಗಿನಿಂದ ಎಲ್ಲಿಂದಲೋ ಆ ನಗು ಎದ್ದು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. ಸಂಜೆ ವಿಜಿ ಬಂದು ಕೇಳಿ ಹೇಳಿದ್ದು: ಅವರ ತಾಯಿ ಅಳತೆ ತೆಗೆಯುವಾಗ ಮಗಳನ್ನು ಸುಮ್ಮನೆ ನಿಲ್ಲಿಸುತ್ತಲೇ ಇರಲಿಲ್ಲವಂತೆ. ಹಾಡು ಅನ್ನುತ್ತಿದ್ದರಂತೆ. ಅದನ್ನು ಇವರು ತಾಯಿಯ ಅಕ್ಕರೆ ಅಂತಲೇ ಇಷ್ಟು ದಿನ ತಿಳಿದಿದ್ದರು.

ಆದರೆ ಮೂರು ಇಂಚು ಬಟ್ಟೆ ಎಲ್ಲಿಂದ ತರುವುದು? ಬಗಲಿನಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ. ಬೇರೆ ಹಸಿರು ತಂದು ಸೇರಿಸೋಣವೆಂದರೆ ಆ ಮುಖ ನೋಡಿ ಬಾಯಿ ಬರಲಿಲ್ಲ. ಗೌನನ್ನು ನೆಲದ ಮೇಲೆ ಹರಡಿ ಅದರ ಸುತ್ತ ಕೂತೆವು. ಪ್ರಭಾಕರ ಕೂಡ ಕೆಲಸದ ಚೀಲ ಹೆಗಲಲ್ಲಿರುವಂತೆಯೇ ಬಂದು ಕೂತರು. ಆಗ ನೋಡಿದೆ, ಗೌನಿನ ಕೆಳ ಅಂಚು ನೆಲದಲ್ಲಿ ಎಳೆಯುತ್ತದೆಂದು ನಾನೇ ಎರಡೂವರೆ ಇಂಚು ಮೇಲಕ್ಕೆ ಮಡಿಚಿ ಹೊಲಿದಿದ್ದೆ. ಹಿಂದೆ ಹಾಕುತ್ತಿದ್ದ ಎತ್ತರದ ಚಪ್ಪಲಿ ಈಗಿಲ್ಲ. ವಯಸ್ಸಿಗೆ ಅವರೂ ಒಂದಿಷ್ಟು ಕುಗ್ಗಿದ್ದರು. ತಾಯಿ ಕೊಟ್ಟ ಅಗಲವಾದ ಮಡಿಕೆ ಬೇರೆ ಒಳಗಿತ್ತು, ಬೆಳಕು ಕಾಣದೆ ಬಣ್ಣ ಉಳಿಸಿಕೊಂಡು.

"ವಿಜಿ, ಕೇಳು. ಇವರು ಗಿಡ್ಡ ಆಗಿದ್ದಾರಲ್ಲ, ಆ ಉದ್ದ ತೆಗೆದು ಪಕ್ಕಕ್ಕೆ ಕೊಡ್ತೀನಿ. ಓರೆಯಾಗಿ ಕತ್ತರಿಸಿದ್ರೆ ಬಟ್ಟೆ ಹಿಗ್ಗುತ್ತೆ, ಉಸಿರಿನ ಜೊತೆ ಬರುತ್ತೆ. ಆದ್ರೆ ಅವರಮ್ಮನ ಬಟ್ಟೆಗೆ ಕತ್ತರಿ ಹಾಕ್ಬೇಕು. ಕತ್ತರಿಸಿದ್ಮೇಲೆ ಮುಗೀತು, ಮತ್ತೆ ಜೋಡ್ಸೋಕಾಗಲ್ಲ. ಕೇಳು."

ವಿಜಿ ಕೇಳಿದಳು. ಹ್ಯಾರಿಯೆಟ್ ಅಮ್ಮ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ಅಂಚು ಹಿಡಿದು, ಮೊದಲನೆಯ ಕತ್ತರಿಕೆಯನ್ನು ತಾವೇ ಹಾಕಿ, ವಾಪಸು ಕೊಟ್ಟರು.

ಮಾತಾಡದ ದಿನ

ಎಲೆಯಾಕಾರದ ಎರಡು ತುಂಡು ಮಾಡಿ ಎರಡು ಬಗಲಿಗೂ ಕೂರಿಸಿದೆ. ಒಂದೇ ತುಂಡಿಗೆ ಉದ್ದ ಸಾಲದೆ ನಡುವೆ ಒಂದು ಜೋಡಣೆ ಬಂತು. ಆ ಓಡುವ ಮಿಷನ್ನನ್ನು ನಂಬದೆ ಎಲ್ಲ ಕೈಯಲ್ಲೇ ಹೊಲಿದೆ. ಹಾಕಿ ನೋಡುವಾಗ "ಹಾಡಿ ಅಮ್ಮ" ಅಂದೆ. ಕೆಳಗಿನ ಸ್ವರ ಸಲೀಸಾಗಿ ಬಂತು. ಮೇಲಿನದನ್ನು ಅವರು ಮುಟ್ಟಲಿಲ್ಲ, ನಾನೂ ಕೇಳಲಿಲ್ಲ.

ಕಛೇರಿಯ ಹಿಂದಿನ ದಿನ ವಿಜಿ ಮಲಗಿದ್ದಳು. ಹ್ಯಾರಿಯೆಟ್ ಅಮ್ಮ ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಗೌನು ತೆಗೆದುಕೊಂಡು ಹೋಗಲು ಬಂದರು. ಮಾತಾಡಿಸಿದರೆ ಮಾತಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕೈ ಮುಗಿದ ಹಾಗೆ ಮಾಡಿ, ನಕ್ಕರು. ಓಹೋ, ಮೌನವ್ರತ ಅಂದುಕೊಂಡೆ. ವ್ರತವಿದ್ದವರಿಗೆ ಈರುಳ್ಳಿ ಹಾಕಿದ ಉಪ್ಪಿಟ್ಟು ಕೊಡುವುದುಂಟೇ? ಸೋಫಾದಲ್ಲಿ ಕೂರಿಸಿ, ಎರಡು ಬಾಳೆಹಣ್ಣು ಬಿಡಿಸಿಟ್ಟು, ಸಕ್ಕರೆ ಕೇಸರಿ ಹಾಕಿ ಒಂದು ಲೋಟ ಹಾಲು ಕಾಯಿಸಿ ಕೊಟ್ಟೆ. ಹಾಲನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದರು. ನಾನು "ಕುಡೀರಿ, ಕುಡೀರಿ" ಎಂದು ಎದುರಿಗೇ ನಿಂತೆ. ಪಾಪ, ಕುಡಿದರು.

ವಿಜಿ ಎದ್ದು ಬಂದು ಖಾಲಿ ಲೋಟ ನೋಡಿ ಹಣೆ ಚಚ್ಚಿಕೊಂಡಳು. "ಅಕ್ಕಾ! ಹಾಡೋ ಮುಂಚೆ ಗಂಟಲಿಗೆ ರೆಸ್ಟ್ ಕೊಡೋಕೆ ಮಾತಾಡಲ್ಲ, ಅಷ್ಟೇ. ವ್ರತ ಇಲ್ಲ, ಏನಿಲ್ಲ. ಹಾಲಂತೂ ಮುಟ್ಟೋದೇ ಇಲ್ಲ, ಕಫ ಆಗುತ್ತೆ ಅಂತ!"

ಅಳತೆಯೊಂದು ಸಾಲದೆಂದು ಹಾಲೂ ಕುಡಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರಿಂದ ವಿಜಿಗೆ ಮೆಸೇಜು ಬಂದಿತ್ತು: "ಗಂಟಲು ಚೆನ್ನಾಗಿದೆ. ನಿಮ್ಮಕ್ಕನಿಗೆ ಹೇಳು, ಹಾಲೂ ತುಂಬ ಚೆನ್ನಾಗಿತ್ತು."

ಕ್ಯಾಂಪ್‌ಬೆಲ್

ಪ್ರಭಾಕರ ಫ್ರೀವೇ ಮೇಲೆ ಕಾರು ಓಡಿಸಿಕೊಂಡು ನಮ್ಮನ್ನು ಕ್ಯಾಂಪ್‌ಬೆಲ್‌ಗೆ ಕರೆತಂದರು. ಪುಟ್ಟ ಪೇಟೆ, ನಾಲ್ಕು ಹೆಜ್ಜೆಗೆ ಮುಗಿಯುತ್ತದೆ. ಸಭಾಂಗಣವೂ ಚಿಕ್ಕದೇ. ವೇದಿಕೆಯ ಹಿಂದಿನ ಕೋಣೆಗೆ ಹೋಗಿ ಕೊಕ್ಕೆಗಳನ್ನು ನಾನೇ ಹಾಕಿದೆ. ಅವರ ಬೆನ್ನು ತಣ್ಣಗಿತ್ತು. ಇಷ್ಟು ವರ್ಷ ಹಾಡಿದವರಿಗೂ ಹೀಗಾಗುತ್ತದಲ್ಲ ಅನ್ನಿಸಿ, ಅಂಗೈಯಿಂದ ಬೆನ್ನು ಉಜ್ಜಿದೆ. ಅವರು ತಿರುಗಿ, ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು, "ಲೋ ನೋಟ್. ಸೇಫ್" ಎಂದು ಪಿಸುಗುಟ್ಟಿದರು. "ಓಕೆ ಅಮ್ಮ" ಅಂದೆ.

ಮೊದಲು ಶಿಷ್ಯರು ಹಾಡಿದರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬಾಕೆ ಬಸ್ಸು ಓಡಿಸುವವಳು. ನಮ್ಮ ಕಛೇರಿಯಲ್ಲಿ ತೊಡೆ ತಟ್ಟಿ, ತಲೆ ತೂಗಿ, ಆಹಾ ಅಂದು, ನಡುವೆ ಎದ್ದು ಹೋಗಿ ಕಾಫಿ ಕುಡಿದು ಬರುತ್ತೇವೆ. ಇವರು ಬಟ್ಟೆ ಅಂಗಡಿಯ ಬೊಂಬೆಗಳ ಹಾಗೆ ಕೂರುತ್ತಾರೆ. ಕೆಮ್ಮನ್ನು ಕೂಡ ಹಿಡಿದಿಟ್ಟುಕೊಂಡು, ಹಾಡು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ. ನನ್ನ ಕೈ ತಾನಾಗಿ ತಾಳಕ್ಕೆ ಏಳುತ್ತಿತ್ತು. ವಿಜಿ ತನ್ನ ಒಳ್ಳೆಯ ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದಳು.

ಕೊನೆಗೆ ಹ್ಯಾರಿಯೆಟ್ ಅಮ್ಮ ಬಂದರು. ಜನ ಎದ್ದು ನಿಂತರು. ಅವರು ಪಿಯಾನೋದವರಿಗೆ ತಲೆಯಾಡಿಸಿ ಶುರು ಮಾಡಿದರು. ಫೋನಿನಲ್ಲಿ ಕೇಳಿದ್ದ ದನಿ ಅದಲ್ಲ. ಅಲ್ಲಲ್ಲಿ ನೂಲು ಎದ್ದಿತ್ತು, ಹಳೇ ರೇಷ್ಮೆಯಲ್ಲಿ ಏಳುತ್ತದಲ್ಲ ಹಾಗೆ. ಆದರೂ ರೇಷ್ಮೆಯೇ. ತಿರುಗಿ ನೋಡಿ ಹೋಗು ಎನ್ನುವ ಸಾಲು ಬಂದಾಗ, ಭಾಷೆ ಬಾರದ ನನಗೂ ಇಲ್ಲೇ ಅದು ಎಂದು ತಿಳಿಯಿತು.

ಎಲ್ಲರೂ ಅವರ ಮುಖ ನೋಡುತ್ತಿದ್ದರು. ನಾನು ಬಗಲನ್ನು ನೋಡುತ್ತಿದ್ದೆ. ಉಸಿರೆಳೆದಾಗ ಆ ಎರಡು ಗಾಢ ಹಸಿರು ತುಂಡುಗಳು ಅರಳುವುವು, ಹಾಡಿದಂತೆ ಮೆಲ್ಲಗೆ ಮುಚ್ಚಿಕೊಳ್ಳುವುವು. ಅರಳುವುವು, ಮುಚ್ಚಿಕೊಳ್ಳುವುವು. ಹಾಡು ಕೊನೆಯ ಸ್ವರಕ್ಕೆ ಬಂತು. ಪಿಯಾನೋ ನಿಂತಿತು. ಅವರು ಉಸಿರೆಳೆದರು. ತುಂಡುಗಳು ಅರಳಿದವು, ಇನ್ನೂ ಅರಳಿದವು, ನಡುವಿನ ಜೋಡಣೆ ಕಾಣುವಷ್ಟು ಅರಳಿದವು. ಇಷ್ಟು ಉಸಿರು ಕೆಳಗಿನ ಸ್ವರಕ್ಕೆ ಬೇಕಾಗಿರಲಿಲ್ಲ. ಆ ಸಭೆಯಲ್ಲಿ ಅವರು ಏನು ಮಾಡಲಿದ್ದಾರೆಂದು ಮೊದಲು ಗೊತ್ತಾದದ್ದು ನನಗೇ ಇರಬೇಕು. ವಿಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೇಲಿನದಕ್ಕೇ ಹೋದರು.

ಏರುವಾಗ ಒಂದು ಕಡೆ ಸ್ವಲ್ಪ ತೊಡರಿತು. ತೊಡರಿ, ದಾಟಿ, ಮೇಲೆ ಹೋಗಿ ನಿಂತಿತು. ದೊಡ್ಡದಾಗಿರಲಿಲ್ಲ, ಸೂಜಿಯ ಕಣ್ಣಿನಲ್ಲಿ ಹೋಗುವಷ್ಟು ಸಣ್ಣದು. ಕಡಿಯಲಿಲ್ಲ. ಅದು ಯಾವಾಗ ಮುಗಿಯಿತು, ಯಾವಾಗ ಮೌನ ಶುರುವಾಯಿತು ಅಂತ ಯಾರಿಗೂ ತಿಳಿಯಲಿಲ್ಲವೇನೋ, ಒಬ್ಬರೂ ಕೈ ತಟ್ಟಲಿಲ್ಲ, ಒಬ್ಬರೂ ಕೆಮ್ಮಲಿಲ್ಲ.

ಅವರು ಕಣ್ಣು ಮುಚ್ಚಿ ನಿಂತೇ ಇದ್ದರು. ಸ್ವರ ಮುಗಿದುಹೋಗಿತ್ತು, ಬಗಲಿನ ತುಂಡುಗಳು ಮಾತ್ರ ಇನ್ನೂ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಅವರ ಎದೆಯಲ್ಲಿ ಇನ್ನೂ ಒಂದಿಷ್ಟು ಉಸಿರು ಉಳಿದಿತ್ತು.